ಸೊಪ್ಪು ಬೇಯಿಸಿದ್ದು ಯಾರು?

ಅಮೆರಿಕದ ಜಾರ್ಜಿಯಾದ ಆ ಊರಿನಲ್ಲಿ ಸೊಪ್ಪಿನ ಬಟ್ಟಲು ಮೇಜಿಗೆ ಬಂದ ಕೂಡಲೇ ಯಾರೂ ಚಮಚ ಎತ್ತುವುದಿಲ್ಲ. ಬೇಯಿಸಿದ್ದು ಯಾರು ಅಂತ ಮೊದಲು ಕೇಳುತ್ತಾರೆ. ಹೆಸರು ಒಪ್ಪಿಗೆಯಾಯಿತೋ, ಸರಿ. ಇಲ್ಲವಾದರೆ ಹೊಟ್ಟೆ ತುಂಬಿದೆ ಅನ್ನುತ್ತ ಬಟ್ಟಲನ್ನು ಪಕ್ಕದವರಿಗೆ ದಾಟಿಸುತ್ತಾರೆ. ಪಾದ್ರಿಯ ಹೆಂಡತಿ ಮಾಡಿದ ಸೊಪ್ಪೇ ಒಮ್ಮೆ ಹಾಗೆ ಮೇಜೆಲ್ಲ ಸುತ್ತಿ, ಒಂದು ಎಲೆಯೂ ಕಡಿಮೆಯಾಗದೆ ಅವಳ ಮುಂದೆ ಬಂದು ಕೂತಿತ್ತು, ಪಾಪ.

ಓಜೆಲ್ಲಾರಿಗೆ ಆ ಭಯವಿರಲಿಲ್ಲ. ಹೊಸ ವರ್ಷದ ದಿನ ಅಲಸಂದೆ ಕಾಳು, ಕಾಲರ್ಡ್ ಸೊಪ್ಪು ತಿಂದರೆ ಶುಭವೆಂದು ನೆಂಟರೆಲ್ಲ ಅವರ ಮನೆಗೇ ಬರುತ್ತಿದ್ದರು. ಆದರೆ ಒಲೆಯ ಹತ್ತಿರ ಒಂದು ನರಪಿಳ್ಳೆಯನ್ನೂ ಬಿಟ್ಟವರಲ್ಲ. ಸೊಸೆ ವರ್ಲೀನ್ ಮದುವೆಯಾಗಿ ಬಂದಾಗಿನಿಂದ ಸಿಂಕಿನ ಮುಂದೆ ನಿಂತು ಎಲೆ ತೊಳೆದದ್ದೇ ಬಂತು. ಮರಳು ಹೋಗುವ ತನಕ ತೊಳಿ, ದಂಟು ತೆಗಿ, ಎಲೆ ಸುತ್ತಿ ಹೆಚ್ಚು, ಆಮೇಲೆ ಆಚೆ ನಡಿ. ಒಂದು ಸಲವಾದರೂ ಆ ಪಾತ್ರೆಗೆ ತನ್ನ ಕೈಯಿಂದ ಉಪ್ಪು ಹಾಕಬೇಕು, ತಾನು ಬೇಯಿಸಿದ್ದನ್ನು ಈ ಜನ ತಿನ್ನಬೇಕು ಎನ್ನುವುದೊಂದೇ ಅವಳ ಆಸೆ.

ಈ ವರ್ಷ ಅತ್ತೆ ತಾವಾಗಿಯೇ ಅವಳನ್ನು ಒಲೆಯ ಬಳಿಗೆ ಕರೆದರು. ಹೊಗೆಯಲ್ಲಿ ಹದ ಮಾಡಿದ ಹಂದಿಕಾಲಿನ ಜೊತೆ ಸೊಪ್ಪು ಕುದಿಯುತ್ತಿತ್ತು. ಅತ್ತೆ ಅದರ ರಸವನ್ನು ಒಂದು ಚಮಚ ತೆಗೆದು ಅವಳ ಬಾಯಿಗೆ ಹಿಡಿದರು. ಸೂರ್ಯ ಯಾವ ದಿಕ್ಕಿನಲ್ಲಿ ಹುಟ್ಟಿದ್ದಾನೋ ಎಂದುಕೊಂಡು ವರ್ಲೀನ್ ಕುಡಿದಳು, ಚೆನ್ನಾಗಿದೆ ಎಂದಳು.

"ಚೆನ್ನಾಗಿದೆ ಅಂದ್ರೆ ಏನೇ? ಉಪ್ಪು ಸಾಕಾ? ವಿನಿಗರ್ ನಾಲಿಗೆ ಹಿಡಿತದಾ? ಬಿಡಿಸಿ ಹೇಳು."

ಸ್ವಲ್ಪ ಹೊತ್ತಿಗೆ ಮತ್ತೆ ಕರೆದರು. ಆಮೇಲೆ ಇನ್ನೊಮ್ಮೆ. ಪ್ರತಿ ಸಲವೂ ಅತ್ತೆ ನೋಡುತ್ತಿದ್ದದ್ದು ಪಾತ್ರೆಯನ್ನಲ್ಲ, ಅವಳ ಮುಖವನ್ನು. ಇದೇನು ಪರೀಕ್ಷೆಯೋ, ತಮಾಷೆಯೋ? ಅಷ್ಟು ವರ್ಷ ಉಪ್ಪಿನ ಡಬ್ಬ ಮುಟ್ಟಲು ಬಿಡದ ಹೆಂಗಸು ಈಗ ಹೀಗೆ ಕೇಳುವುದೆಂದರೆ ಏನೋ ಇದೆ. ಕಸದ ಬುಟ್ಟಿ ಹಿಡಿದು ಹಿತ್ತಲಿಗೆ ಹೋದರೂ ಅವಳಿಗೆ ಅದೇ ಯೋಚನೆ.

ಹಿತ್ತಲಿಗೇ ಸೀದ ವಾಸನೆ ಬಂತು. ಓಡಿ ಬಂದು ನೋಡಿದರೆ, ಓವನ್ನಿನಲ್ಲಿ ಮೆಕ್ಕೆಜೋಳದ ಬ್ರೆಡ್ಡು ಕರಕಲಾಗುತ್ತಿದೆ. ಅತ್ತೆ ಅದರ ಮಗ್ಗುಲಲ್ಲೇ ಕೂತು, ಏನೂ ಆಗದವರಂತೆ ಈರುಳ್ಳಿ ಹೆಚ್ಚುತ್ತಿದ್ದಾರೆ. ವರ್ಲೀನ್ ಬ್ರೆಡ್ಡಿನ ಬಾಣಲೆ ಈಚೆ ಎಳೆದು, ಯಾವಾಗಿನಿಂದ ಹೀಗೆ ಎಂದು ಮೆಲ್ಲಗೆ ಕೇಳಿದಳು. ಬೇಸಿಗೆಯಲ್ಲಿ ಜ್ವರ ಬಂದು ಹೋಯಿತಲ್ಲ, ವಾಸನೆ ರುಚಿ ಎರಡೂ ಅದರ ಜೊತೆಗೇ ಹೋದವಂತೆ. ಡಾಕ್ಟರು ಕಾಯಬೇಕು ಅಂದರಂತೆ.

"ಯಾರ ಹತ್ರನೂ ಬಾಯಿ ಬಿಡ್ಬೇಡ ಕಣೇ," ಅತ್ತೆ ಸೆರಗಿಲ್ಲದ್ದಕ್ಕೆ ಏಪ್ರನ್ನಿನಲ್ಲೇ ಕಣ್ಣೊರೆಸಿಕೊಂಡರು. "ಕ್ಲಿಯೋತಾಗೆ ಗೊತ್ತಾದ್ರೆ ಮುಂದಿನ ವರ್ಷ ಅವಳ ಮನೆಲೇ ಊಟ. ನಾನು ಮೂಲೇಲಿ."

ಕ್ಲಿಯೋತಾ ಅಂದರೆ ಅತ್ತೆಯ ನಾದಿನಿ, ಬಾಯಿ ಜೋರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ತನ್ನ ಕಾಲ ಹೀಗೆ ಬರುತ್ತದೆ ಎಂದು ವರ್ಲೀನ್ ಕನಸಿನಲ್ಲೂ ಎಣಿಸಿರಲಿಲ್ಲ. ಅವಳಿಗೆ ಸಂಕಟವಾಯಿತು. ಈ ಸಲ ಚಮಚ ತಾನೇ ತೆಗೆದುಕೊಂಡು ನಿಜ ಹೇಳಿದಳು: ಉಪ್ಪು ಕಮ್ಮಿ, ಹುಳಿ ಜಾಸ್ತಿ, ಖಾರವೇ ಇಲ್ಲ. ಅತ್ತೆ ಉಪ್ಪಿನ ಡಬ್ಬ ಅವಳ ಕಡೆ ತಳ್ಳಿದರು. ಅವಳು ಉಪ್ಪು ಹಾಕಿದಳು, ಮೆಣಸಿನ ಪುಡಿ ಉದುರಿಸಿದಳು, ಚಿಟಿಕೆ ಸಕ್ಕರೆ ಹಾಕಿ ಹುಳಿ ಇಳಿಸಿದಳು.

ಮಧ್ಯಾಹ್ನ ಮೇಜಿನ ಸುತ್ತ ಎಲ್ಲರೂ ಕೂತರು, ಪ್ರಾರ್ಥನೆ ಮುಗಿಯಿತು. ಕ್ಲಿಯೋತಾ ಬಟ್ಟಲಿನ ಮುಚ್ಚಳ ತೆಗೆದು, ಬಣ್ಣ ನೋಡಿ, ಬೇಯಿಸಿದ್ದು ಯಾರು ಎಂದಳು. ಅತ್ತೆಯೇ ಎಂದು ವರ್ಲೀನ್ ಥಟ್ಟನೆ ಹೇಳಿದಳು.

"ಸುಳ್ಳು ಹೇಳ್ತಾಳೆ," ಎಂದರು ಓಜೆಲ್ಲಾ. "ಉಪ್ಪು, ಹುಳಿ, ಖಾರ ಎಲ್ಲ ಇವಳದೇ."

ಯಾರೋ ಕೆಮ್ಮಿದರು. ಕ್ಲಿಯೋತಾ ಮುಚ್ಚಳ ಮತ್ತೆ ಹಾಕಲು ಹೋದಳು. ವರ್ಲೀನಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಓಜೆಲ್ಲಾ ಬಟ್ಟಲನ್ನು ತಮ್ಮ ಕಡೆ ಎಳೆದುಕೊಂಡು ತಟ್ಟೆ ತುಂಬ ಸೊಪ್ಪು ಬಡಿಸಿಕೊಂಡರು. ಒಂದು ದೊಡ್ಡ ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ, ನಿಧಾನವಾಗಿ ಅಗಿದರು. ಎಲ್ಲರೂ ಅವರ ಬಾಯನ್ನೇ ನೋಡುತ್ತಿದ್ದರು.

"ಏನತ್ತಿಗೆ? ಹೇಗಿದೆ?" ಕ್ಲಿಯೋತಾ ತಡೆಯಲಾರದೆ ಕೇಳಿದಳು.

"ನಮ್ಮಮ್ಮನ ಕೈರುಚಿ ಕಣೇ," ಎಂದರು ಓಜೆಲ್ಲಾ. "ಹಾಗೇ ಇದೆ. ಎಷ್ಟು ವರ್ಷ ಆಗಿತ್ತು ತಿಂದು."

ಕ್ಲಿಯೋತಾಳ ಕೈ ತಾನಾಗಿ ಬಟ್ಟಲಿಗೆ ಹೋಯಿತು. ಅವಳ ಹಿಂದೆ ಉಳಿದವರದ್ದೂ. ಓಜೆಲ್ಲಾ ಸುಮ್ಮನೆ ಅಗಿಯುತ್ತಲೇ ಇದ್ದರು, ತಟ್ಟೆ ಖಾಲಿಯಾಗುವವರೆಗೆ. ಆಮೇಲೆ ಅದನ್ನು ಸೊಸೆಯ ಕಡೆ ಚಾಚಿ ಇನ್ನೊಂದಿಷ್ಟು ಹಾಕು ಎಂದರು.