ಶೈಲಶ್ರೀಯ ಮೇಲಿನ ಮೂರು ಷರಾ

ಮೊಮ್ಮಗಳು ಶೈಲಶ್ರೀ ಆರನೇ ಇಯತ್ತೆಗೆ ಬಂದ ವರ್ಷ ಅವಳ ಶಾಲೆಯವರು ಅಂಕ, ವರ್ಗದಲ್ಲಿ ಎಷ್ಟನೆಯವರೆಂಬ ನಂಬರು ಎರಡನ್ನೂ ಕೈಬಿಟ್ಟರು. ಸದಾಶಿವ ಪೇಠೆಯ ಹಳೆಯ ವಾಡೆಯೊಂದರ ಮೇಲಂತಸ್ತಿನಲ್ಲಿದ್ದ ಸಣ್ಣ ಖಾಸಗಿ ಮರಾಠಿ ಶಾಲೆ ಅದು; ಐದರಿಂದ ಏಳರವರೆಗೆ ಮೂರೇ ವರ್ಗ. ಗಣಿತಕ್ಕೆ ಎಷ್ಟು, ಇತಿಹಾಸಕ್ಕೆ ಎಷ್ಟು ಎಂದು ಬರೆಯುವ ಬದಲು, ಮಗು ಹೇಗೆ ಬೆಳೆಯುತ್ತಿದೆ ಎಂದು ಮಾಸ್ತರರು ನಾಲ್ಕು ಸಾಲು ಬರೆದು ಮನೆಗೆ ಕಳಿಸುವುದೆಂದು ನಿರ್ಧಾರವಾಯಿತು. ೧೯೯೯ರ ದೀಪಾವಳಿ ರಜೆ ಮುಗಿದ ವಾರ ಮೊದಲ ಕಾರ್ಡು ಬಂತು.

ಮಗ ಬಸವಪ್ರಭು ಬೆಳಿಗ್ಗೆ ಆರಕ್ಕೆ ಭೋಸರಿಯ ಕಾರ್ಖಾನೆಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವವನು. ಹೀಗಾಗಿ ಶಾಲೆಯ ಕಾಗದಪತ್ರವೆಲ್ಲ ನಮ್ಮವರ, ಅಂದರೆ ಸಿದ್ದಲಿಂಗಪ್ಪನವರ, ಖಾತೆಗೆ ಸೇರಿತ್ತು. ಸರಕಾರಿ ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಆಗಿ ನಿವೃತ್ತರಾದವರು. ಯಾವ ಕಾಗದವನ್ನೂ ತಾವಾಗಿ ಬಿಚ್ಚುವುದಿಲ್ಲ. ಯಾರಾದರೂ ಓದಿ ಮುಂದಿಡಬೇಕು. ನಾನು ಓದಿದೆ.

“ಒಂದು: ಶೈಲಶ್ರೀ ಬಹಳ ಪ್ರಶ್ನೆ ಕೇಳುತ್ತಾಳೆ. ಎರಡು: ಹೇಳಿದ್ದನ್ನು ಹಾಗೆಯೇ ಒಪ್ಪುವುದಿಲ್ಲ, ತಾನೇ ಮಾಡಿ ನೋಡುತ್ತಾಳೆ. ಮೂರು: ಪಕ್ಕದವರಿಗೆ ತೊಡಕಾದರೆ ತನ್ನ ಕೆಲಸ ಬಿಟ್ಟು ಏಳುತ್ತಾಳೆ.”

ನಮ್ಮವರು ಚಹಾದ ಬಸಿ ಕೆಳಗಿಟ್ಟರು. “ಷರಾ! ಒಂದಲ್ಲ, ಮೂರು ಷರಾ!”

“ಅಲ್ರೀ, ಹೊಗಳ್ಯಾರ ಅನಸ್ತದ ನನಗ.”

“ಹೊಗಳಿದ್ರ ಮನಿಗೆ ಯಾಕ ಕಳಸ್ತಾರ? ಹೊಗಳಿಕಿ ಫೈಲಿನ್ಯಾಗ ಇರ್ತದ. ಮನಿಗೆ ಬರೂದು ಬೈಗಳ.”

ಅವರ ಕಚೇರಿಯ ಪದ್ಧತಿ ಹಾಗಿತ್ತು. ಪ್ರತಿವರ್ಷ ಸಾಹೇಬರು ಪ್ರತಿಯೊಬ್ಬರ ಮೇಲೆ ಗೋಪ್ಯ ವರದಿ ಬರೆಯುವರು. ಒಳ್ಳೆಯದಿದ್ದರೆ ಯಾರಿಗೂ ಸುದ್ದಿಯಿಲ್ಲ. ಕೆಟ್ಟ ಷರಾ ಬಿದ್ದರೆ ಮಾತ್ರ ಅದು ಲಕೋಟೆಯಲ್ಲಿ ಬರುತ್ತಿತ್ತು, ಹದಿನೈದು ದಿನದೊಳಗೆ ಸಮಜಾಯಿಷಿ ಬರೆದು ಕೊಡಬೇಕಿತ್ತು.

ಕಾರ್ಡಿನ ಜೊತೆ ಇನ್ನೊಂದು ಫಾರ್ಮಿತ್ತು. ಡಿಸೆಂಬರಿನಲ್ಲಿ ಭೋರ್ ಬಳಿ ಮೂರು ದಿನದ ಶಿಬಿರ. ಮಕ್ಕಳೇ ಅಡಿಗೆ ಮಾಡಿಕೊಂಡು, ಗುಡ್ಡ ಹತ್ತಿ, ಶಾಲೆಯೊಂದರ ಪಡಸಾಲೆಯಲ್ಲಿ ಮಲಗುವುದು. ಶನಿವಾರದೊಳಗೆ ಪಾಲಕರ ಸಹಿ ಬೇಕು. ಶೈಲಶ್ರೀ ಆಗಲೇ ಹಾಸಿಗೆ ಸುತ್ತಿ ಹಗ್ಗ ಬಿಗಿದು, ನಾಲ್ಕು ದಿನದಿಂದ ಬರಿ ಚಾಪೆಯ ಮೇಲೆ ಮಲಗುತ್ತಿದ್ದಳು.

“ಅಜ್ಜಾ, ಸಹಿ?”

“ಮೂರು ಷರಾ ಇದ್ದವರಿಗೆ ದೌರಾಕ್ಕ ಹೋಗೂದು ಮಂಜೂರ ಆಗೂದಿಲ್ಲ. ಮೊದಲ ಷರಾ ತಗಸಬೇಕು.”

“ಯಾಕ ಆಗೂದಿಲ್ಲ?”

“ನೋಡಿಲ್ಲೆ, ಒಂದನೇ ಷರಾ ಖರೇನ ಅದ!”

ಎರಡು ದಿನ ಕೂತು ಅವರು ಸಮಜಾಯಿಷಿ ಬರೆದರು. ಉದ್ದನೆಯ ಹಾಳೆ, ಎಡಕ್ಕೆ ಮಡಚಿದ ಅಂಚು. ಬರೆದಷ್ಟನ್ನು ಜೋರಾಗಿ ಓದುತ್ತಿದ್ದರು. “ಸದರಿ ವಿದ್ಯಾರ್ಥಿನಿಯು ಪ್ರಶ್ನೆ ಕೇಳುವುದು ನಿಜವಿರುತ್ತದೆ. ಸದರಿ ಅಭ್ಯಾಸವು ತಾಯಿಯ ತವರಿನಿಂದ ಬಂದಿದ್ದು, ಇನ್ನು ಮುಂದೆ ದಿನಕ್ಕೆ ಎರಡು ಪ್ರಶ್ನೆಗೆ ಮಿತಿಗೊಳಿಸಲಾಗುವುದು.”

ಅಡಿಗೆಮನೆಯಲ್ಲಿ ಸೊಸೆ ರಂಜನಾಳ ಲಟ್ಟಣಿಗೆ ನಿಂತಿತು. “ನಮ್ಮ ತವರಮನ್ಯಾಗ ಯಾರೂ ಬಾಯಿ ಸೈತ ಬಿಡೂದಿಲ್ರಿ ಮಾವಾರ.”

“ಅದಕ್ಕ ಅಲ್ಲಿ ಉಳದದ್ದೆಲ್ಲಾ ಇಕಿಗೆ ಬಂದದ.”

ಎರಡನೆಯ ಷರಾಕ್ಕೆ ‘ವಯೋಸಹಜ ದೋಷ’ ಎಂದು ಬರೆದರು. ಮೂರನೆಯದಕ್ಕೆ, ‘ಮೇಲಿನವರ ಅಪ್ಪಣೆಯಿಲ್ಲದೆ ಇನ್ನು ಮುಂದೆ ಯಾರಿಗೂ ಸಹಾಯ ಮಾಡಲಾಗುವುದಿಲ್ಲ.’ ಕೊನೆಗೆ, ಮೂರೂ ಷರಾ ಹೊಡೆದುಹಾಕಬೇಕೆಂಬ ವಿನಂತಿ. ಆಮೇಲೆ ಎಲ್ಲವನ್ನೂ ಮರಾಠಿಯಲ್ಲಿ ನಕಲು ಮಾಡಿದರು.

ಶುಕ್ರವಾರ ಕೋಟು ತೊಟ್ಟು ಹೊರಟರು, ಜೊತೆಗೆ ನಾನು. ಮುಖ್ಯಾಧ್ಯಾಪಕಿ ಇಂದೂತಾಯಿ ಮತ್ತು ಕಾರ್ಡು ಬರೆದ ಅಮೇಯ ಸರ್ ಕೂತಿದ್ದರು. ಈ ಸರ್‌ಗೆ ಇನ್ನೂ ಇಪ್ಪತ್ತೈದೂ ತುಂಬಿರಲಿಕ್ಕಿಲ್ಲ. ಯಾವ ಮಗುವಿನ ಮಾತೋ ಆ ಮಗುವಿಗೂ ಒಂದು ಕುರ್ಚಿ ಹಾಕುವುದು ಅಲ್ಲಿಯ ರೂಢಿ; ಶೈಲಶ್ರೀ ನಮ್ಮ ನಡುವೆ ಕಾಲು ಆಡಿಸುತ್ತ ಕೂತಳು. ಮಾತೆಲ್ಲ ಮರಾಠಿಯಲ್ಲಿ ನಡೆಯಿತು. ನನ್ನ ನೆನಪಿನಲ್ಲಿ ಅದು ಕೂತಿರುವುದು ನಮ್ಮ ಮಾತಿನಲ್ಲಿ, ಹಾಗೆಯೇ ಬರೆಯುತ್ತೇನೆ.

ಇಂದೂತಾಯಿ ಸಮಜಾಯಿಷಿ ಓದುತ್ತ ಓದುತ್ತ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಮೇಯ ಸರ್ ಓದಿ ಕೆಂಪಾದರು.

“ಅಜ್ಜಾರ, ನಾ ಏನರ ತಪ್ಪ ಬರದೆನೇನ್ರಿ?”

“ತಪ್ಪಲ್ರಿ ಸಾಹೇಬ್ರ, ಬರಿಯೂದು ನಿಮ್ಮ ಅಧಿಕಾರ. ಆದರ ಹೊಡದಹಾಕ್ರಿ.”

“ಇವು ಒಳ್ಳೆ ಮಾತ್ರಿ!” ಎಂದರು ಇಂದೂತಾಯಿ.

“ಒಳ್ಳೆ ಮಾತಾದ್ರ ಬರಿಯೂದು ಯಾಕ್ರಿ?”

ಅರ್ಧ ತಾಸು ಇದೇ ನಡೆಯಿತು. ಎರಡು ಸಲ ಚಹಾ ಬಂತು. ಸಾಕಾಗಿ ಅಮೇಯ ಸರ್, “ಇವರಿಗೆ ಅದ ಸಮಾಧಾನ ಅಂದ್ರ ಹರದಬಿಡ್ತೀನಿ,” ಎಂದು ನಮ್ಮವರು ಮೇಜಿನ ಮೇಲಿಟ್ಟಿದ್ದ ಕಾರ್ಡಿಗೆ ಕೈ ಚಾಚಿದರು.

ಶೈಲಶ್ರೀ ಅದರ ಮೇಲೆ ಎರಡೂ ಅಂಗೈ ಊರಿದಳು. “ಬ್ಯಾಡ್ರಿ ಸರ್. ಇದು ನಂದು.”

“ಅದು ಇದ್ರ ಭೋರ್ ಇಲ್ಲ,” ಎಂದರು ನಮ್ಮವರು.

ಹುಡುಗಿಯ ಕಣ್ಣು ತುಂಬಿತು, ಕೈ ಮಾತ್ರ ಮೇಲೇಳಲಿಲ್ಲ. ಹಾಗೆಯೇ ಕೇಳಿದಳು: “ಅಜ್ಜಾ, ನಿನ್ನ ಮ್ಯಾಲೆ ಎಷ್ಟು ಷರಾ ಬಂದಿದ್ವು?”

ನಮ್ಮವರ ಎದೆ ಉಬ್ಬಿತು. “ಒಂದೂ ಇಲ್ಲ! ಮೂವತ್ನಾಕ ವರ್ಷದಾಗ ಒಂದ ಸಾಲೂ ಇಲ್ಲ!”

“ಅಂದ್ರ ಮೂವತ್ನಾಕ ವರ್ಷ ನೀ ಹೆಂಗಿದ್ದಿ ಅಂತ ನಿನಗ ಯಾರೂ ಹೇಳಲೇ ಇಲ್ಲ?”

ಅವರು ಕೋಟಿನ ಗುಂಡಿ ಮುಟ್ಟಿ ನೋಡಿಕೊಂಡರು. “ಹೇಳಿದ್ರಲಾ. ರಿಟೈರ್ ಆದ ದಿನಾ ಸಾಹೇಬ್ರು ಭಾಷಣಾ ಮಾಡಿದ್ರು.”

“ಏನಂತ?”

“ವ್ಯಾಳ್ಯಾಕ್ಕ ಸರಿಯಾಗಿ ಬರತಿದ್ರು ಅಂತ.”

ಇಷ್ಟು ವರ್ಷ ಅವರ ಊಟದ ಡಬ್ಬಿ ಕಟ್ಟಿದ ನಾನು ಕಿಟಕಿಯ ಕಡೆ ನೋಡಿದೆ.

ಅವರು ಮೊಮ್ಮಗಳ ಅಂಗೈ ಒಂದೊಂದಾಗಿ ಎತ್ತಿ, ಕಾರ್ಡು ತೆಗೆದುಕೊಂಡು, ಈ ಸಲ ತಾವೇ ಓದಿದರು. “ಈ ಮೂರನೇದ್ದು. ಯಾವಾಗ ನೋಡಿದ್ರಿ?”

ಅಮೇಯ ಸರ್ ಚೀಲದಿಂದ ಒಂದು ನೋಟಬುಕ್ ತೆಗೆದರು. “ಆಗಸ್ಟ್ ಒಂಬತ್ತು. ಮಂಜರಿ ಅನ್ನೂ ಹುಡಿಗಿ ನಕಾಶಾದ ಮ್ಯಾಲೆ ನೀರ ಚೆಲ್ಲಿತ್ತು. ಇಕಿ ತನ್ನ ನಕಾಶಾ ಬಿಟ್ಟು ಅಕಿ ನಕಾಶಾ ಬರಸಿದಳು. ಮತ್ತ ಸಪ್ಟೆಂಬರ್ ಹದಿನಾಕು...”

“ದಿನಾಂಕ ಬರದಿಟ್ಟೀರೇನು?”

“ಹೂಂರಿ. ಎಲ್ಲಾ ಹುಡುಗರದೂ.”

ನಮ್ಮವರ ಮುಖವೇ ಬದಲಾಯಿತು. ದಿನಾಂಕ ಹಾಕಿ ಬರೆಯುವವನ ಮಾತಿನಲ್ಲಿ ಅವರಿಗೆ ಎಂದೂ ಅನುಮಾನವಿಲ್ಲ. “ಶಿಬಿರದ ಫಾರ್ಮ್ ಇನ್ನೊಂದ ಕೊಡ್ರಿ, ಅದು ಮನ್ಯಾಗ ಉಳದದ,” ಎಂದರು.

ಸಹಿ ಹಾಕಿದರು. ಸಹಿಯ ಮೇಲೆ ಒಂದು ಕಾಲಂ ಇತ್ತು: ಮಗುವಿನ ಬಗ್ಗೆ ತಿಳಿಸಬೇಕಾದದ್ದು. ಮೇಜಿನ ಮೇಲಿದ್ದ ಉಳಿದ ಪಾಲಕರ ಫಾರ್ಮುಗಳಲ್ಲಿ ‘ಏನೂ ಇಲ್ಲ’ ಎಂದಿತ್ತು. ಇವರು ಎರಡು ಸಾಲು ತುಂಬಿಸಿ, ಅಂಚು ತುಂಬಿಸಿ, ಬೇರೆ ಹಾಳೆ ಬೇಡಿದರು. ಶಾಲೆಯ ಗಂಟೆ ಹೊಡೆಯಿತು, ಮಕ್ಕಳೆಲ್ಲ ಮನೆಗೆ ಹೋದರು, ಇವರು ಬರೆಯುತ್ತಲೇ ಇದ್ದರು.

ಇಂದೂತಾಯಿ ಅದನ್ನು ಎತ್ತಿ ಓದಿದರು. ಹಾಲಿನಲ್ಲಿ ಕೆನೆ ಇದ್ದರೆ ಕುಡಿಯುವುದಿಲ್ಲ, ಆದರೆ ಬೇಡವೆಂದು ಬಾಯಿಬಿಟ್ಟು ಹೇಳುವುದೂ ಇಲ್ಲ. ಸ್ವೆಟರನ್ನು ಯಾರಿಗಾದರೂ ಕೊಟ್ಟು ತಾನು ನಡುಗುತ್ತಾಳೆ, ಆದ್ದರಿಂದ ಎರಡು ಕಳಿಸಲಾಗುವುದು. ಗುಡ್ಡ ಹತ್ತುವಾಗ ಪ್ರಶ್ನೆ ಕೇಳಿದರೆ ನಿಂತು ಉತ್ತರ ಕೊಡತಕ್ಕದ್ದು, ಇಲ್ಲವಾದರೆ ನಿಮ್ಮ ಮುಖ ನೋಡುತ್ತ ನಡೆದು ಎಡವುತ್ತಾಳೆ. ಸಿಟ್ಟು ಬಂದಾಗ ಮಾತಾಡಿಸಬಾರದು, ಕಡಲೆಕಾಯಿ ಕೊಡಬೇಕು. ಮಲಗಿದಾಗ ಎಡಗಾಲು ಹೊದಿಕೆಯ ಹೊರಗೆ ಬರುತ್ತದೆ.

“ನಾಕ ಸಾಲು ಬರೀಲಿಕ್ಕೆ ನಮಗ ಅರ್ಧ ವರ್ಷ ಹಿಡೀತರಿ,” ಎಂದರು ಇಂದೂತಾಯಿ.

“ನಿಮ್ಮದು ಭಾಳ ತ್ರೋಟಕ ಆತ್ರಿ, ಭಾಳ ಸಣ್ಣದು,” ಎಂದರು ನಮ್ಮವರು, ಪೆನ್ನಿನ ಮುಚ್ಚಳ ಹಾಕುತ್ತ.

ಅವರ ಮೊಣಕೈ ಕೆಳಗಿಂದ ಶೈಲಶ್ರೀ ಇಣುಕಿ ಓದುತ್ತಿದ್ದಳು. “ಅಜ್ಜಾ, ಎಡಗಾಲಲ್ಲ, ಬಲಗಾಲು.”

“ಎಡಗಾಲ. ದಿನಾ ಎದ್ದು ಹೊಚ್ಚಾಂವ ನಾನು.”