ಬದುವಿನ ಕಡೆಯ ನಾಲ್ಕು ಸಾಲು

ಐದನೇ ಕಿಲೋಮೀಟರ್ ಕಲ್ಲು ದಾಟುವಾಗ ಆಂಜಿನಮ್ಮನ ಮೂಗಿಗೆ ಔಷಧಿಯ ವಾಸನೆ ಬಡಿಯಿತು. ರಸ್ತೆ ಪಕ್ಕದ ಟೊಮೇಟೊ ತೋಟದಲ್ಲಿ ಯಾರೋ ಮುಖಕ್ಕೆ ಟವೆಲ್ ಸುತ್ತಿಕೊಂಡು, ಬೆನ್ನಿಗೆ ಪಂಪು ಹಾಕಿಕೊಂಡು ಹೊಡೆಯುತ್ತಿದ್ದರು. ಅವಳು ಉಸಿರು ಬಿಗಿಹಿಡಿದು ಹತ್ತು ಹೆಜ್ಜೆ ಓಡಿದಳು. ಅಷ್ಟರಲ್ಲಿ ಆವುಲಪ್ಪ ನೆನಪಾದ. ಅವಳ ಕಾಲುಗಳು ನಿಂತುಹೋದವು.

ಹಿಂದಿನ ದಿನ ಸಂಜೆ ಪಕ್ಕದ ಹೊಲದ ಆವುಲಪ್ಪ ಬದುವಿನ ಮೇಲೆ ನಿಂತು ಅವಳನ್ನು ಕರೆದಿದ್ದ. ದ್ರಾಕ್ಷಿಗೆ ಔಷಧಿ ಹೊಡೆದೆ, ಗಾಳಿ ನಿಮ್ಮ ಕಡೆಗೇ ತಿರುಗಿಬಿಟ್ಟಿತು, ಬದುವಿನ ಕಡೆಯ ನಾಲ್ಕು ಸಾಲು ಹಿಪ್ಪುನೇರಳೆ ಸೊಪ್ಪನ್ನು ಹದಿನೈದು ದಿನ ಮುಟ್ಟಬೇಡಿ, ಅಮ್ಮನಿಗೆ ಹೇಳು ಎಂದಿದ್ದ. ಶಿಡ್ಲಘಟ್ಟದ ಸುತ್ತ ಅದು ನಡೆದುಬಂದ ಪದ್ಧತಿ. ಔಷಧಿ ಹೊಡೆದವನು ಪಕ್ಕದವರಿಗೆ ಹೇಳಬೇಕು, ಹೇಳಿದರೆ ಅವನ ಹೊಣೆ ಮುಗಿಯಿತು. ಅವಳು ಆಗಲಿ ಅಣ್ಣ ಎಂದಳು. ಆಗ ಅವಳ ತಲೆಯಲ್ಲಿದ್ದದ್ದು ಮಾರನೆಯ ದಿನ ಓಡಬೇಕಾಗಿದ್ದ ಹದಿನಾರು ಕಿಲೋಮೀಟರ್ ಮಾತ್ರ. ಮನೆಗೆ ಹೋಗಿ ಉಂಡಳು, ಮಲಗಿದಳು.

ಭಾನುವಾರ ಕೋಲಾರದಲ್ಲಿ ಅಕ್ಕಪಕ್ಕದ ಎರಡು ಜಿಲ್ಲೆಗಳ ಓಟ. ಮೊದಲ ಮೂರರಲ್ಲಿ ಬಂದರೆ ಬೆಂಗಳೂರಿಗೆ ಕಳಿಸುತ್ತಾರೆ, ಅಲ್ಲಿ ಹೆಸರು ಮಾಡಿದರೆ ಪೊಲೀಸ್ ಕೆಲಸಕ್ಕೆ ದಾರಿಯಾಗುತ್ತದೆ ಎಂದು ಅವಳನ್ನು ತಯಾರು ಮಾಡುತ್ತಿದ್ದ ಸತ್ಯಮೂರ್ತಿ ಮೇಷ್ಟ್ರು ಹೇಳಿದ್ದರು. ಇದೊಂದು ಸಲ ಓಡಲಿ, ಆಗಲಿಲ್ಲವೆಂದರೆ ಕೈವಾರದ ಕಡೆಯಿಂದ ಬಂದಿರುವ ಸಂಬಂಧಕ್ಕೆ ಹೂಂ ಅನ್ನಲಿ ಎಂದು ಅಪ್ಪ ಮುನಿಗಂಗಪ್ಪ ಹೇಳಿಯಾಗಿತ್ತು. ಅವಳಿಗೆ ಇಪ್ಪತ್ತೆರಡು. ಮೂರು ತಿಂಗಳಿಂದ ಬೆಳಗಿನ ಸೊಪ್ಪು ಕೊಯ್ಯುವ ಅವಳ ಕೆಲಸವನ್ನು ಅಮ್ಮ ಲಕ್ಷ್ಮಿದೇವಮ್ಮ ತನ್ನ ಮೇಲೆ ಹಾಕಿಕೊಂಡಿದ್ದಳು. ಸೊಂಟ ನೋವಿನ ಹೆಂಗಸು, ಮನೆಗೆ ಹತ್ತಿರವೆಂದು ಯಾವಾಗಲೂ ಬದುವಿನ ಕಡೆಯಿಂದಲೇ ಶುರು ಮಾಡುತ್ತಿದ್ದಳು.

ಉದ್ದದ ಓಟವನ್ನು ಅರ್ಧಕ್ಕೆ ಬಿಟ್ಟವರು ರೇಸನ್ನೂ ಅರ್ಧಕ್ಕೆ ಬಿಡುತ್ತಾರೆ ಎನ್ನುವುದು ಮೇಷ್ಟ್ರ ಮಾತು. ಅವರ ಲೆಕ್ಕದಲ್ಲಿ ಇನ್ನೂ ಮೂರು ಕಲ್ಲು ದಾಟಿ, ಅಂಬಾಜಿದುರ್ಗದ ಬೆಟ್ಟ ಸರಿಯಾಗಿ ಕಾಣುವ ತಿರುವಿನಲ್ಲಿ ಅವಳು ಹಿಂದಿರುಗಬೇಕಿತ್ತು. ಅವಳು ಐದನೇ ಕಲ್ಲಿನಿಂದಲೇ ತಿರುಗಿದಳು. ಚಿಂತಾಮಣಿ ಕಡೆಯಿಂದ ಬಂದ ಬಸ್ಸಿಗೆ ಕೈ ಅಡ್ಡ ಹಾಕಿದರೂ ಅದು ನಿಲ್ಲಲಿಲ್ಲ. ಉಸಿರನ್ನು ಅಳೆದು ಬಿಡುವುದು, ಕೈ ಬೀಸುವುದು, ಕಲಿಸಿದ್ದೆಲ್ಲ ಮರೆತು ಹುಚ್ಚಿಯಂತೆ ಓಡಿದಳು. ಅಮ್ಮ ಇವತ್ತು ಹೊಲದ ಆಚೆ ತುದಿಯ ಕೊಳದ ಕಡೆಯಿಂದ ಕೊಯ್ದಿರಲಿ ಎಂದು ಊರಿನ ದೇವರಿಗೆಲ್ಲ ಹರಕೆ ಹೊತ್ತಳು. ಮನೆ ಬಿಡುವಾಗಲೇ ಅಮ್ಮ ಬದುವಿನ ಹತ್ತಿರ ಬಗ್ಗಿದ್ದನ್ನು ತಾನೇ ನೋಡಿ ಬಂದಿದ್ದಳಲ್ಲ, ದೇವರಾದರೂ ಏನು ಮಾಡಿಯಾನು?

ಅವರದು ಎರಡಂಕಣದ ಮನೆ. ಒಂದರಲ್ಲಿ ಮನುಷ್ಯರು, ಇನ್ನೊಂದರಲ್ಲಿ ರೇಷ್ಮೆ ಹುಳು. ಹುಳು ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು ಆರು ದಿನವಾಗಿತ್ತು, ಇನ್ನೆರಡು ದಿನಕ್ಕೆ ಹುಳು ಹಣ್ಣಾಗಿ ಗೂಡು ಕಟ್ಟಬೇಕು. ಅಪ್ಪ ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗಳನ್ನು ಬಾಡಿಗೆಗೆ ಗೊತ್ತು ಮಾಡಲು ಸೈಕಲ್ ಹತ್ತಿ ಹೋಗಿದ್ದ. ಆ ಹೊತ್ತಿನಲ್ಲಿ ಹುಳು ಸೊಪ್ಪು ತಿನ್ನುವ ಸದ್ದು ಹೊಸಿಲಿಗೇ ಕೇಳಿಸಬೇಕಿತ್ತು. ಆಂಜಿನಮ್ಮ ಹೊಸಿಲಲ್ಲಿ ನಿಂತಾಗ ಮನೆ ಸುಮ್ಮನಿತ್ತು.

ಅಮ್ಮ ಹುಳು ಸಾಕುವ ತಟ್ಟೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಹುಳುಗಳು ಸೊಪ್ಪು ಬಿಟ್ಟು ತಲೆ ಎತ್ತಿ ಅತ್ತಿತ್ತ ತೂಗುತ್ತಿದ್ದವು. ಕೆಲವು ಹಸಿರು ನೀರು ಕಾರಿಕೊಂಡು ಮುರುಟಿ ಬಿದ್ದಿದ್ದವು.

"ನನ್ನಿಂದಾನೇ ಆಯ್ತು ಕಣೇ," ಎಂದಳು ಅಮ್ಮ. "ನೀನು ಅಷ್ಟು ದೂರ ಓಡ್ತೀಯಲ್ಲ ಅಂತ ಬೆಳಗ್ಗೆ ಮೊಟ್ಟೆ ಹುರಿದೆ. ಆ ವಾಸ್ನೆಗೇ ಹಿಂಗಾಗಿರೋದು."

ಹುಳು ಇರುವಷ್ಟು ದಿನ ಆ ಮನೆಯಲ್ಲಿ ಒಗ್ಗರಣೆಯಿಲ್ಲ, ಹುರಿಯುವುದಿಲ್ಲ, ಬೀಡಿ ಸೇದುವವರು ಒಳಗೆ ಬರುವಂತಿಲ್ಲ. ಇಪ್ಪತ್ತು ವರ್ಷದಿಂದ ಆ ನೇಮ ತಪ್ಪದವಳು ಮಗಳಿಗಾಗಿ ತಪ್ಪಿದ್ದಳು. ಮಗಳು ಅದನ್ನು ಗಬಗಬನೆ ತಿಂದು ಓಡಲು ಹೋಗಿದ್ದಳು.

"ಮೊಟ್ಟೆ ಅಲ್ಲಮ್ಮ," ಎಂದಳು ಆಂಜಿನಮ್ಮ. "ಬದುವಿನ ಕಡೆ ಸೊಪ್ಪು. ಔಷಧಿ ಬಿದ್ದೈತೆ, ಮುಟ್ಬೇಡಿ ಅಂತ ಆವುಲಪ್ಪಣ್ಣ ನಿನ್ನೇನೇ ನಂಗೆ ಹೇಳಿದ್ದ. ನಾನು ಮರ್ತೆ."

ಅಮ್ಮ ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಆವುಲಪ್ಪ ಹೇಳುವಾಗ ಬೇರೆ ಯಾರಾದರೂ ಇದ್ದರೇ ಎಂದು ಕೇಳಿದಳು. ಇಲ್ಲ ಎಂದಳು ಮಗಳು. ಹೊರಗೆ ಸೈಕಲ್ಲಿನ ಸದ್ದಾಯಿತು.

"ಬಾಯಿ ಬಿಡಬೇಡ," ಎಂದಳು ಅಮ್ಮ. "ನಿಮ್ಮಪ್ಪಂಗೆ ಗೊತ್ತಾದ್ರೆ ಕೋಲಾರ ಅಲ್ಲ, ಈ ಹೊಸ್ಲೂ ದಾಟಲ್ಲ ನೀನು."

ಮುನಿಗಂಗಪ್ಪ ಒಂದೊಂದೇ ತಟ್ಟೆ ಎಳೆದು ನೋಡಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಅವನು ಆ ತುತ್ತನ್ನು ನೋಡುತ್ತ ನಿಂತಿದ್ದ.

"ಏಮೇ, ಏನು ಮಾಡ್ದೆ?"

"ಬೆಳಗ್ಗೆ ಮೊಟ್ಟೆ ಹುರಿದೆ."

"ಯಾರಿಗೆ?"

"ನಂಗೇ. ತಿನ್ನಣ ಅನ್ನಿಸ್ತು," ಎಂದಳು ಲಕ್ಷ್ಮಿದೇವಮ್ಮ.

ಆಂಜಿನಮ್ಮ ಬಾಯಿ ತೆರೆದಳು. ಅಮ್ಮ ಅವಳ ಕಡೆ ನೋಡಲೂ ಇಲ್ಲ. ಅಪ್ಪ ಕೈ ಎತ್ತುತ್ತಾನೆ, ಆಗ ನಡುವೆ ಬಿದ್ದು ನಿಜ ಹೇಳಿಬಿಡುತ್ತೇನೆ ಎಂದುಕೊಂಡಳು. ಅವನು ಕೈ ಎತ್ತಲಿಲ್ಲ. ಇನ್ನು ಮೇಲೆ ಹುಳು ಮನೆಗೆ ಕಾಲಿಡಬೇಡ ಎಂದಷ್ಟೇ ಹೇಳಿದ. ಲಕ್ಷ್ಮಿದೇವಮ್ಮ ಎದ್ದು ಹೋಗಿ ಜಗಲಿಯ ಮೇಲೆ ಕೂತಳು.

ಮಧ್ಯಾಹ್ನ ಅಮ್ಮ ಒಮ್ಮೆ ಆವುಲಪ್ಪನ ತೋಟದ ಕಡೆ ಹೋಗಿ ಬಂದಳು. ಅವನ ಹತ್ತಿರ ಏನು ಬೇಡಿಕೊಂಡಳೋ ಗೊತ್ತಿಲ್ಲ. ಸಂಜೆ ಸುದ್ದಿ ಕೇಳಿ ಊರವರೊಂದಿಗೆ ಬಂದ ಆವುಲಪ್ಪ ನೆಲ ನೋಡುತ್ತ ನಿಂತಿದ್ದು, ಒಂದು ಮಾತೂ ಆಡದೆ ಹೊರಟುಹೋದ. ಉಳಿದವರಿಗೆ ಮಾತಿಗೇನು ಬರ. ಇಷ್ಟು ವಯಸ್ಸಾದ ಹೆಂಗಸಿಗೆ ಇದೆಂಥ ನಾಲಿಗೆ ಚಪಲ ಎಂದು ಜಗಲಿ ದಾಟುವಾಗ ಅವಳಿಗೆ ಕೇಳಿಸುವ ಹಾಗೇ ಹೇಳಿದರು.

ಅವರೆಲ್ಲ ಹೋದ ಮೇಲೆ ತಿಪ್ಪೆಯ ಪಕ್ಕ ಗುಂಡಿ ತೋಡಿ, ಅಪ್ಪ ಮಗಳು ಸತ್ತ ಹುಳುವನ್ನು ಬುಟ್ಟಿಗೆ ತುಂಬಿದರು. ಅವಳ ಕಣ್ಣಲ್ಲಿ ನೀರು ಸುರಿಯುತ್ತಲೇ ಇತ್ತು. ಅಪ್ಪ ಅದನ್ನು ನೋಡಿ ಕೆಲಸ ನಿಲ್ಲಿಸಿದ.

"ನೀನ್ಯಾಕಮ್ಮ ಅಳ್ತೀಯ?" ಎಂದ. "ನೀನೇನು ಮಾಡ್ದೆ? ಭಾನುವಾರ ನಾನೂ ಬರ್ತೀನಿ ಕೋಲಾರಕ್ಕೆ. ನೀನು ಓಡೋದು ನಾನು ಒಂದು ಸಲಾನೂ ನೋಡಿಲ್ಲ."

ಈಗ ಹೇಳಬೇಕು ಎಂದು ಅವಳಿಗೆ ಅನಿಸಿತು. ಹೇಳಿದರೆ ಭಾನುವಾರವಿಲ್ಲ ಎಂದೂ ಅನಿಸಿತು. ಈ ಹೊತ್ತಿನಲ್ಲೂ ಭಾನುವಾರದ ಆಸೆ ಮನಸ್ಸಿನಲ್ಲಿದೆಯಲ್ಲ ಎಂದು ತನ್ನ ಮೇಲೆಯೇ ಹೇಸಿಗೆಯಾಯಿತು. ಆದರೂ ಅವಳ ತಲೆ ಆಗಲಿ ಎನ್ನುವಂತೆ ಅಲ್ಲಾಡಿತು. ಅಪ್ಪ ಬುಟ್ಟಿಯನ್ನು ಎತ್ತಿ ಅವಳ ಸೊಂಟಕ್ಕೆ ಕೊಟ್ಟ.

ಜಗಲಿಯ ಮೇಲೆ ಅಮ್ಮ ಕಾಲು ಚಾಚಿ ಕೂತಿದ್ದಳು. ಮಗಳು ಬರುವುದನ್ನು ಕಂಡು, ಬುಟ್ಟಿ ತಾಗದಿರಲೆಂದು ಸೀರೆ ಒತ್ತರಿಸಿ, ಕಾಲು ಮಡಚಿ ದಾರಿ ಬಿಟ್ಟಳು.