ಬದನೆ ಎಲೆ ಒರೆಸಿದವರು

ಬದನೆ ಎಲೆಯ ಬೆನ್ನಿಗೂ ಮುಳ್ಳಿರುತ್ತದೆ. ಸೋಪಿನ ನೀರಿಗೆ ಬಟ್ಟೆ ಅದ್ದಿ, ಎಲೆ ಮಗುಚಿ, ರಸ ಹೀರುವ ಹೇನು ಒರೆಸಿ ಒರೆಸಿ ಸಣ್ಣಕ್ಕನ ಬೆರಳ ತುದಿಗಳು ಒಡೆದುಹೋಗಿದ್ದವು. ಒಡಕಿಗೆ ಸೋಪು ಇಳಿದರೆ ಜೀವ ಬಾಯಿಗೆ ಬರುತ್ತಿತ್ತು. ಆದರೂ ಕೈ ನಿಲ್ಲಿಸುವಂತಿರಲಿಲ್ಲ. ಬಿಸಿಲೇರುವ ಮುಂಚೆ ತೋಟದ ಮುಂಭಾಗದ ತಾಕು ಪೂರ್ತಿ ಹಸನಾಗಬೇಕೆಂದು ಯಜಮಾನನ ಅಪ್ಪಣೆ.

"ಮನೇಲಿ ಅತ್ತೆ ತಲೆ ಹೇನು, ಇಲ್ಲಿ ಯಜಮಾನರ ಗಿಡದ ಹೇನು. ನನ್ನ ಹಣೇಲಿ ಬರೆದಿದ್ದೇ ಇಷ್ಟು," ಎಂದಳು ಪಕ್ಕದ ಸಾಲಿನಲ್ಲಿದ್ದ ನಾದಿನಿ.

"ಬಾಯಿ ಆಮೇಲೆ ಆಡಿಸೇ, ಕೈ ಆಡಿಸು. ಒಂದು ಉಳಿದ್ರೂ ನಮ್ಮ ಚರ್ಮ ಸುಲೀತಾನೆ."

ಯಜಮಾನ ಎಲೆಗೆ ಹೊಡೆಯುವ ಗೊಬ್ಬರದ ಏಜೆನ್ಸಿ ಹಿಡಿದಿದ್ದ. ಪೊಟ್ಯಾಷ್, ಸಿಲಿಕಾ ಬೆರೆಸಿದ ನೀರು. ಹೊಡೆದರೆ ಎಲೆ ಬಿರುಸಾಗುತ್ತದೆ, ಹೇನಿನ ಮೂತಿ ಸುಲಭಕ್ಕೆ ನಾಟುವುದಿಲ್ಲ. ಬೆನ್ನಿಗೆ ಪಂಪು ಕಟ್ಟಿಕೊಂಡು ಅದನ್ನು ಹೊಡೆದವಳೂ ಸಣ್ಣಕ್ಕನೇ. ಸುಳ್ಳು ಹೇಳಬಾರದು, ಹೇನು ಕಡಿಮೆಯಾಗಿತ್ತು. ಆದರೆ ಬರೀ ಕಡಿಮೆಯಾದರೆ ಗೊಬ್ಬರದ ಡಬ್ಬಿ ಖರ್ಚಾಗುತ್ತದೆಯೇ? ಯಜಮಾನನಿಗೆ ಒಂದೂ ಇಲ್ಲದ ಗಿಡ ಬೇಕಿತ್ತು. ಅದಕ್ಕೇ ಈ ಹೆಂಗಸರು, ಈ ಬಟ್ಟೆ, ಈ ಸೋಪು.

ಬಿಸಿಲೇರಿದ ಮೇಲೆ ಸುತ್ತಲಿನ ತರಕಾರಿ ತೋಟಗಳ ಮಾಲೀಕರು ಗೊಬ್ಬರದ ಗುಣ ನೋಡಲು ಬಂದರು. ಯಜಮಾನ ಒಂದು ಎಲೆ ಮಗುಚಿ ಹಿಡಿದ. ತೊಳೆದಿಟ್ಟ ತಟ್ಟೆಯಂತಿತ್ತು.

"ಹೇನು ಹುಡುಕಿಕೊಟ್ರೆ ಡಬ್ಬಿ ಪುಕ್ಕಟೆ!"

ಎಲ್ಲರೂ ನಕ್ಕರು. ನೀರು ಹಂಚುತ್ತಿದ್ದ ಸಣ್ಣಕ್ಕನಿಗೂ ಒಳಗೊಳಗೇ ಹೆಮ್ಮೆಯಾಯಿತು. ತನ್ನ ಸಾಲಿನ ಎಲೆಯಲ್ಲವೇ!

"ಇನ್ನು ಹುಳದ ಹೆಸರಲ್ಲಿ ಹೆಂಗಸರ ದಂಡು ಸಾಕಬೇಕಾಗಿಲ್ಲ," ಎಂದ ಯಜಮಾನ. "ನಾನಂತೂ ಮುಂದಿನ ಬೆಳೆಗೆ ಇವರನ್ನೆಲ್ಲ ಬಿಡಿಸ್ತಿದ್ದೀನಿ."

ಈ ತೋಟದ ಕೂಲಿ ಬಿಟ್ಟರೆ ಸಣ್ಣಕ್ಕನ ಒಲೆಗೆ ಬೇರೆ ದಿಕ್ಕಿರಲಿಲ್ಲ.

ಅತಿಥಿಗಳು ಊಟಕ್ಕೆ ಕೂತರು. ಹೆಂಗಸರು ಬದುವಿನ ಮೇಲೆ ಕೂತಿದ್ದಲ್ಲಿಗೆ ಯಜಮಾನ ಓಡಿಬಂದ. "ಹಿಂದಿನ ತಾಕೂ ನೋಡ್ಬೇಕಂತೆ! ಅವರ ಊಟ ಮುಗಿಯೋದ್ರೊಳಗೆ ಒರೆಸಿಬಿಡಿ. ಏಳ್ರೇ, ಏಳ್ರೇ!"

ನಾದಿನಿ ಬಟ್ಟೆಗೆ ಕೈ ಹಾಕಿದಳು. ಸಣ್ಣಕ್ಕ ಅವಳ ಮಣಿಕಟ್ಟು ಹಿಡಿದಳು.

"ಅಲ್ಲೂ ನಾನೇ ಹೊಡೆದಿದ್ದೀನಲ್ಲ ಯಜಮಾನ್ರೇ. ಡಬ್ಬೀನೇ ಕೆಲಸ ಮಾಡ್ಲಿ."

"ಏನೇ ಅಂದೆ? ಇವತ್ತಿನ ಕೂಲಿ ಬೇಡ್ವಾ?"

"ನಮ್ಮನ್ನ ಬಿಡಿಸಿ ಆಯ್ತಲ್ಲ. ಬಿಡಿಸಿದವರನ್ನ ಯಾಕೆ ಎಬ್ಬಿಸ್ತೀರಾ?"

ನಾದಿನಿ ಸೋಪಿನ ಬಕೆಟ್ಟು ಬೋರಲು ಹಾಕಿದಳು. ನೊರೆ ಯಜಮಾನನ ಚಪ್ಪಲಿಯ ಕೆಳಗೆ ಹರಿಯಿತು. ಉಳಿದವರೂ ಒಬ್ಬೊಬ್ಬರಾಗಿ ಬಟ್ಟೆ ಕೆಳಗಿಟ್ಟರು.

ಅಷ್ಟರಲ್ಲಿ ಅತಿಥಿಗಳು ಹಿಂದಿನ ತಾಕಿಗೆ ಬಂದೇಬಿಟ್ಟರು. ಒಬ್ಬ ಎಲೆ ಮಗುಚಿ ಮುಖ ಕಿವುಚಿದ. "ಏನ್ರೀ, ಇಲ್ಲಿ ಹೇನು ಸಂಸಾರ ಹೂಡಿದೆ!"

"ಈ ಮೈಗಳ್ಳರು ಸರಿಯಾಗಿ ಹೊಡೆದಿಲ್ಲ ಸಾರ್. ಕೂಲಿಯವರನ್ನ ನಂಬಿದ್ರೆ ಹೀಗೇ," ಎಂದ ಯಜಮಾನ.

ಸಣ್ಣಕ್ಕ ಎದ್ದು ನಿಂತಳು. "ಎರಡೂ ಕಡೆ ಒಂದೇ ಥರ ಹೊಡೆದಿದ್ದು ಸ್ವಾಮಿ. ಅಲ್ಲಿ ಬಟ್ಟೇಲಿ ಒರೆಸಿದ್ವಿ, ಇಲ್ಲಿ ಒರೆಸಲಿಲ್ಲ."

ಎಲೆ ಹಿಡಿದಿದ್ದವನು ಯಜಮಾನನ ಕಡೆ ತಿರುಗಿದ. "ಹಾಗಾದ್ರೆ ನನ್ನ ತೋಟಕ್ಕೆ ಇವರೇ ಸಾಕು. ಒರೆಸೋಕೆ ಇವರಿಗೆ ಎಷ್ಟು ಕೊಡ್ತೀರಿ?"

"ಅವರನ್ನ ಯಾಕೆ ಕೇಳ್ತೀರಾ?" ಎಂದಳು ಸಣ್ಣಕ್ಕ. ಬದುವಿನ ಮೇಲಿದ್ದ ಹೆಂಗಸರೆಲ್ಲ ಎದ್ದು ಅವಳ ಬೆನ್ನಿಗೆ ಬಂದು ನಿಂತರು. "ಕೂಲಿ ನಾವು ಹೇಳ್ತೀವಿ."